ಗಲ್ಫಿಗೆ ಹೋಗುವ ಮೊದಲು ಬ್ಯಾಂಕಿನ ಕೆಲಸ ಮುಗಿಸಿ: ಅಲ್ಲಿನ ದುಡ್ಡು ಬೇರೆ, ಊರಿನ ದುಡ್ಡು ಬೇರೆ

ವೀಸಾ ಬಂತು, ಟಿಕೆಟ್ ಆಯ್ತು, ಮಿಡಿ ಉಪ್ಪಿನಕಾಯಿಯೂ ಪ್ಯಾಕ್ ಆಯ್ತು, ಬ್ಯಾಂಕಿನ ಕೆಲಸ ಮಾತ್ರ "ಅಲ್ಲಿಗೆ ಹೋಗಿ ನೋಡುವ" ಅಂತ ಬಿಟ್ಟು ಹೋಗ್ತೇವೆ. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯಿಂದ ದುಬೈ, ಶಾರ್ಜಾಕ್ಕೆ ಹೋಗುವ ಎಷ್ಟೋ ಮಂದಿ ಹೀಗೇ, ನಾನೂ ಹಾಗೇ ಮಾಡಿದ್ದು, ಆಮೇಲೆ ತುಂಬ ಕಷ್ಟ ಆಯ್ತು.

ಕೆಲಸಕ್ಕೆ ಅಂತ ವಿದೇಶಕ್ಕೆ ಹೋದ ಮೇಲೆ ಊರಿನ ಮಾಮೂಲಿ ಎಸ್‌ಬಿ ಅಕೌಂಟ್ ಹಾಗೇ ಇಟ್ಕೊಳ್ಲಿಕ್ಕಿಲ್ಲ, ಫೆಮಾ ಅನ್ನುವ ವಿದೇಶಿ ವಿನಿಮಯ ಕಾನೂನಿನ ಪ್ರಕಾರ ಅದನ್ನ ಎನ್‌ಆರ್‌ಒ, ಅಂದ್ರೆ ಹೊರಗೆ ಇರುವವರು ಊರಿನ ಆದಾಯ ಇಡುವ ಅಕೌಂಟ್, ಮಾಡಿಸ್ಬೇಕು. ಜೊತೆಗೆ ಹೊರಗಿನ ಸಂಪಾದನೆ ಇಡ್ಲಿಕ್ಕೆ ಒಂದು ಎನ್‌ಆರ್‌ಇ ಅಕೌಂಟ್ ತೆಗೀರಿ. ಅಲ್ಲಿನ ಸಂಬಳ ಬರ್ಬೇಕಾದ್ದು ಎನ್‌ಆರ್‌ಇಗೆ, ಅದರ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ, ಬೇಕಾದಾಗ ವಾಪಸ್ ಹೊರಗೆ ಕಳಿಸ್ಲಿಕ್ಕೂ ತಡೆ ಇಲ್ಲ.

ಹೆಚ್ಚಿನವರು ಎಡವುದು ಊರಿನ ಆದಾಯದಲ್ಲಿ. ನಿಮ್ಮ ಹೆಸರಲ್ಲಿ ತೋಟ ಉಂಟು, ಅಪ್ಪ ಅಡಿಕೆಯನ್ನ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋಗೆ ಹಾಕಿದ್ರು ಅಂತ ಇಟ್ಕೊಳ್ಳಿ, ಆ ದುಡ್ಡನ್ನ ಎನ್‌ಆರ್‌ಇಗೆ ಹಾಕ್ಲಿಕ್ಕೆ ಹೋಗ್ಬೇಡಿ, ಎನ್‌ಆರ್‌ಒಗೇ ಹಾಕಿ. ಕುಂಬಳೆ ಪೇಟೆಯಲ್ಲಿ ಅಂಗಡಿ ಬಾಡಿಗೆ ಬರ್ತಿದ್ರೂ ಅಷ್ಟೇ. ಅಡಿಕೆಯದ್ದು ಕೃಷಿ ಆದಾಯ, ಅದಕ್ಕೆ ಆದಾಯ ತೆರಿಗೆ ಇಲ್ಲ, ಆದ್ರೆ ಅದೇ ದುಡ್ಡು ಎನ್‌ಆರ್‌ಒದಲ್ಲಿ ಕೂತು ಬಡ್ಡಿ ಬಂದ್ರೆ ಬ್ಯಾಂಕು ಸೀದಾ 30% ಮತ್ತು ಸೆಸ್ ಟಿಡಿಎಸ್, ಅಂದ್ರೆ ಮೊದಲೇ ಮುರಿದುಕೊಳ್ಳುವ ತೆರಿಗೆ, ಹಿಡೀತದೆ. ಯುಎಇಯಲ್ಲಿ ಇರುವವರು ಅಲ್ಲಿನ ಫೆಡರಲ್ ಟ್ಯಾಕ್ಸ್ ಅಥಾರಿಟಿಯಿಂದ ಟ್ಯಾಕ್ಸ್ ರೆಸಿಡೆನ್ಸಿ ಸರ್ಟಿಫಿಕೇಟ್ (ತೆರಿಗೆ ಲೆಕ್ಕದಲ್ಲಿ ನೀವು ಅಲ್ಲಿನವರು ಅನ್ನುವ ಪತ್ರ) ತಂದು ಬ್ಯಾಂಕಿಗೆ ಕೊಟ್ರೆ, ಎರಡು ದೇಶಗಳ ಒಪ್ಪಂದದ ಪ್ರಕಾರ ಬಡ್ಡಿಯ ಮೇಲೆ 12.5% ಮಾತ್ರ. ಇದನ್ನ ಪ್ರತಿ ವರ್ಷ ಹೊಸತು ಕೊಡ್ಬೇಕು, ಬ್ಯಾಂಕಿನವರು ತಾವಾಗಿ ನೆನಪು ಮಾಡ್ತಾರೆ ಅಂತ ಕಾಯ್ಬೇಡಿ. ಜಾಸ್ತಿ ಹಿಡಿದದ್ದು ಇದ್ರೆ ರಿಟರ್ನ್ ಹಾಕಿ ವಾಪಸ್ ತೆಗೀಬಹುದು.

ಇನ್ನು ಸಿಮ್. ನಾನು ಹೋದ ಮೊದಲ ವರ್ಷ ಊರಿನ ಸಿಮ್ಮಿಗೆ ರೀಚಾರ್ಜ್ ಮಾಡ್ಲಿಲ್ಲ, ನಂಬರ್ ಕಟ್ ಆಯ್ತು. ಅಮ್ಮ ಮಂಗಳೂರಲ್ಲಿ ಆಸ್ಪತ್ರೆಗೆ ಸೇರಿದ ದಿನ ಅಕೌಂಟಲ್ಲಿ ದುಡ್ಡು ಉಂಟು, ಒಟಿಪಿ ಮಾತ್ರ ಬರ್ತಿಲ್ಲ. ಶಾರ್ಜಾದ ರೂಮಲ್ಲಿ ರಾತ್ರಿ 2 ಗಂಟೆಗೆ ಫೋನ್ ಹಿಡ್ಕೊಂಡು ಕೂತದ್ದು ಇವತ್ತಿಗೂ ಮರೀಲಿಕ್ಕಾಗುದಿಲ್ಲ, ಕಡೆಗೆ ನೆರೆಮನೆಯ ಅಣ್ಣ ಕೈಯಿಂದ ಕಟ್ಟಿದ್ರು. ಹಾಗಾಗಿ ಊರಿನ ನಂಬರನ್ನ ಯಾವತ್ತೂ ಸಾಯ್ಲಿಕ್ಕೆ ಬಿಡ್ಬೇಡಿ, ಅಥವಾ ಯುಎಇ ನಂಬರನ್ನೇ ಅಕೌಂಟಿಗೆ ಸೇರಿಸಿ, 2023ರಿಂದ ಅಲ್ಲಿನ ನಂಬರಲ್ಲೂ ಎನ್‌ಆರ್‌ಇ, ಎನ್‌ಆರ್‌ಒ ಅಕೌಂಟಿಗೆ ಯುಪಿಐ ಮಾಡ್ಲಿಕ್ಕೆ ಅವಕಾಶ ಕೊಟ್ಟಿದ್ದಾರೆ, ನಿಮ್ಮ ಬ್ಯಾಂಕಲ್ಲಿ ಉಂಟಾ ಕೇಳಿ. ಮನೆಯಲ್ಲಿ ಒಬ್ಬರಿಗೆ ಮ್ಯಾಂಡೇಟ್ (ನಿಮ್ಮ ಅಕೌಂಟ್ ನಡೆಸ್ಲಿಕ್ಕೆ ಒಪ್ಪಿಗೆ ಪತ್ರ) ಬರೆದುಕೊಡುದು ಇನ್ನೂ ಒಳ್ಳೇದು, ಊರಿನ ಖರ್ಚಿಗೆ ಅವರೇ ತೆಗೀಬಹುದು.

ಅಪ್ಪ ಅಮ್ಮನಿಗೆ ಕಳಿಸಿದ್ದಕ್ಕೆ ಅವರಿಗೆ ತೆರಿಗೆ ಬರುದಿಲ್ಲ, ಹೆದರ್ಬೇಡಿ. ರೇಟು ಎರಡು ಪೈಸೆ ಜಾಸ್ತಿ ಅಂತ ಹುಂಡಿಯಲ್ಲಿ, ಅಂದ್ರೆ ಬ್ಯಾಂಕು ಬಿಟ್ಟು ಏಜೆಂಟರ ಕೈಯಲ್ಲಿ, ಮಾತ್ರ ಕಳಿಸ್ಬೇಡಿ, ಅದು ಕಾನೂನಿಗೆ ವಿರುದ್ಧ, ನಾಳೆ ಮನೆ ಕಟ್ಟುವಾಗ ದುಡ್ಡು ಎಲ್ಲಿಂದ ಬಂತು ಅಂತ ಕೇಳಿದ್ರೆ ತೋರಿಸ್ಲಿಕ್ಕೆ ಒಂದು ಚೀಟಿಯೂ ಇರುದಿಲ್ಲ.

ಒಂದು ದಿನ ಕಾಯಂ ಊರಿಗೆ ಬರ್ತೀರಲ್ಲ, ಆಗ ಬ್ಯಾಂಕಿಗೆ ಕೂಡ್ಲೇ ತಿಳಿಸಿ. ಎನ್‌ಆರ್‌ಇ ಬಡ್ಡಿಯ ವಿನಾಯ್ತಿ ಅಲ್ಲಿಗೆ ನಿಲ್ತದೆ. ದುಡ್ಡನ್ನ ವಿದೇಶಿ ಕರೆನ್ಸಿಯಲ್ಲೇ ಇಡ್ಬೇಕು ಅಂತಿದ್ರೆ ಆರ್‌ಎಫ್‌ಸಿ ಅಕೌಂಟ್ ಕೇಳಿ, ಆ ಹೆಸರು ಹೇಳಿಯೇ ಕೇಳಿ.