ಗ್ರಿಲ್ ಕೊಳ್ಳುವಾಗ ಬೆಂಕಿ ಆರಿಸುವ ಹೊತ್ತನ್ನು ನೆನೆಸಿಕೊಳ್ಳಿ

ಟೆಂಟ್ ಹಾಕಿ ಎರಡು ದಿನ ಹೊರಗೆ ಇದ್ದು ಬರುತ್ತೇವೆ ಅಂತ ಹೊರಡುವ ಮಕ್ಕಳು ನನ್ನ ಹತ್ತಿರ ಬಂದು ಕೇಳುವುದು ಒಂದೇ ಪ್ರಶ್ನೆ. ‘ಯಾವ ಗ್ರಿಲ್ ತಗೊಳ್ಳೋಣ?’ ನಾನು ತಿರುಗಿ ಕೇಳುವುದೂ ಒಂದೇ. ಊಟ ಆದ ಮೇಲೆ, ಕತ್ತಲಲ್ಲಿ, ಕಣ್ಣು ಎಳೆಯುತ್ತಿರುವಾಗ ಅದನ್ನು ಏನು ಮಾಡುತ್ತೀರಿ? ಬೆಂಕಿ ಹೊತ್ತಿಸುವುದು ಎಲ್ಲರಿಗೂ ಇಷ್ಟ. ಆರಿಸುವುದು, ಬೂದಿ ತೆಗೆಯುವುದು, ಜಿಡ್ಡು ಒರೆಸುವುದು, ಮಡಚಿ ಚೀಲಕ್ಕೆ ಹಾಕುವುದು ಯಾರಿಗೂ ಬೇಡ. ಆದರೆ ಗ್ರಿಲ್ ಎಂಥದ್ದು ಅಂತ ಗೊತ್ತಾಗುವುದು ಆ ಹೊತ್ತಿನಲ್ಲೇ.

ನಮ್ಮ ಮೊದಲ ಗ್ರಿಲ್ ಇದ್ದಿಲಿನದು. ಪುಟ್ಟದು, ದುಂಡಗೆ ಮುದ್ದಾಗಿತ್ತು. ಮುಚ್ಚಳಕ್ಕೆ ಕೊಂಡಿ ಇರಲಿಲ್ಲ. ಬೂದಿ ತಟ್ಟೆಯೂ ಇರಲಿಲ್ಲ. ಬೆಳಿಗ್ಗೆ ನಮ್ಮ ಮನೆಯವರು ಹೊರಗಿನಿಂದ ಮುಟ್ಟಿ ನೋಡಿ, ತಣ್ಣಗಿದೆ ಅಂತ ಕಾರಿನ ಡಿಕ್ಕಿಗೆ ಇಟ್ಟರು. ಅರ್ಧ ದಾರಿಯಲ್ಲಿ ಸುಟ್ಟ ವಾಸನೆ. ನಿಲ್ಲಿಸಿ ನೋಡಿದರೆ ಬೂದಿಯೆಲ್ಲ ಚೆಲ್ಲಿತ್ತು. ಅದರೊಳಗಿದ್ದ ಒಂದೇ ಒಂದು ಕೆಂಡ ಕಂಬಳಿಗೆ ತಗುಲಿ ಅಂಗೈ ಅಗಲದ ತೂತು ಮಾಡಿತ್ತು. ಅಷ್ಟಕ್ಕೇ ಮುಗಿದದ್ದು ನಮ್ಮ ಪುಣ್ಯ. ಬೂದಿಯ ಅಡಿಯಲ್ಲಿ ಕೆಂಡ ಒಂದು ದಿನ, ಕೆಲವೊಮ್ಮೆ ಎರಡು ದಿನವೂ ಜೀವ ಹಿಡಿದುಕೊಂಡಿರುತ್ತದೆ. ಬೂದಿ ಮುಚ್ಚಿದ ಕೆಂಡ ಅನ್ನುವ ಮಾತು ನಮ್ಮಲ್ಲಿ ಸುಮ್ನೆ ಬಂದದ್ದಲ್ಲ.

ಹಾಗಾಗಿ ಇದ್ದಿಲಿನ ಗ್ರಿಲ್ ಕೊಳ್ಳುವವರು ಮೂರು ಸಂಗತಿ ನೋಡಲೇಬೇಕು. ಮುಚ್ಚಳ ಕೊಂಡಿ ಹಾಕಿ ಭದ್ರವಾಗಿ ಕೂರಬೇಕು. ಬೂದಿ ತಟ್ಟೆ ಹೊರಗೆ ಎಳೆಯಲು ಬರಬೇಕು. ಕೆಳಗೊಂದು ಮೇಲೊಂದು ಗಾಳಿಕಿಂಡಿ ಇರಬೇಕು, ಎರಡೂ ಪೂರ್ತಿ ಮುಚ್ಚಬೇಕು. ಕೆಳಗಿನ ಕಿಂಡಿ ತೆರೆದಷ್ಟೂ ಗಾಳಿ ಒಳಗೆ ಹೋಗಿ ಕೆಂಡ ಜೋರಾಗುತ್ತದೆ. ಎರಡನ್ನೂ ಮುಚ್ಚಿದರೆ ಉಸಿರು ಸಿಗದೆ ನಿಧಾನಕ್ಕೆ ಆರುತ್ತದೆ, ಉಳಿದ ಇದ್ದಿಲು ನಾಳೆಗೆ ಬರುತ್ತದೆ. ಅಂಗಡಿಯಲ್ಲಿ ಕಿಂಡಿಯನ್ನು ನೀವೇ ಮುಚ್ಚಿ ತೆರೆದು ನೋಡಿ. ಸಡಿಲವಾಗಿದ್ದರೆ ಬಿಟ್ಟುಬಿಡಿ. ಅವತ್ತೇ ಹೊರಡಬೇಕಾದರೆ ಕೆಂಡವನ್ನು ಕಬ್ಬಿಣದ ಬಕೆಟ್ಟಿಗೆ ಹಾಕಿ, ನೀರು ಹೊಯ್ದು, ಕಲಕಿ, ಮತ್ತೆ ನೀರು ಹೊಯ್ಯಿರಿ. ಬಿಸಿ ಗ್ರಿಲ್‌ಗೇ ನೀರು ಸುರಿಯಬೇಡಿ. ಎರಕದ ಕಬ್ಬಿಣ ಸೀಳುತ್ತದೆ, ಎನಾಮಲ್ ಲೇಪ ಹೋಳು ಹೋಳಾಗಿ ಏಳುತ್ತದೆ.

ಮುಚ್ಚಳ ಇಲ್ಲದ ಗ್ರಿಲ್ ಅಗ್ಗ, ಹಗುರ, ನಿಜ. ಆದರೆ ಬಯಲಲ್ಲಿ ಗಾಳಿ ಇರುತ್ತದೆ, ಅಲ್ವಾ? ದುಂಡು ಮುಚ್ಚಳದ ಕೆಟಲ್ ಗ್ರಿಲ್ ಹುಟ್ಟಿದ್ದೇ ಈ ಗಾಳಿಯ ಕಾಟಕ್ಕೆ. 1952ರಲ್ಲಿ ಷಿಕಾಗೋದ ವೆಬರ್ ಬ್ರದರ್ಸ್ ಲೋಹದ ಕಾರ್ಖಾನೆಯಲ್ಲಿದ್ದ ಜಾರ್ಜ್ ಸ್ಟೀಫನ್ ನೀರಲ್ಲಿ ತೇಲುವ ಲೋಹದ ಬೋಯ್ ಗೋಳವನ್ನು ಎರಡು ಹೋಳು ಮಾಡಿದರು. ಒಂದು ಹೋಳು ಬಾಣಲೆಯಾಯಿತು, ಇನ್ನೊಂದು ಮುಚ್ಚಳವಾಯಿತು. ಈಗಿನ ಪುಟ್ಟ ಪ್ರಯಾಣದ ಗ್ರಿಲ್‌ಗಳಲ್ಲೂ ಅದೇ ಆಕಾರ ಉಳಿದಿದೆ. ಮುಚ್ಚಳ ಹಾಕಿದರೆ ಶಾಖ ಒಳಗೇ ಸುತ್ತುತ್ತದೆ, ಇದ್ದಿಲು ಕಡಿಮೆ ಸಾಕು, ಕಿಡಿ ಹಾರುವುದಿಲ್ಲ. ನಾನಂತೂ ಮುಚ್ಚಳ ಇಲ್ಲದ್ದನ್ನು ಯಾರಿಗೂ ತಗೊಳ್ಳಿ ಅನ್ನುವುದಿಲ್ಲ.

ಇದ್ದಿಲೋ ಗ್ಯಾಸೋ ಅನ್ನುವ ಜಗಳ ಮನೆಮನೆಯಲ್ಲೂ ಇದೆ. ರುಚಿಗೆ ಇದ್ದಿಲು. ಆದರೆ ಹೊತ್ತಿಸಿದ ಮೇಲೆ ಮೇಲ್ಗಡೆ ಬೂದಿ ಬಣ್ಣ ಬರುವವರೆಗೆ ಹದಿನೈದು ಇಪ್ಪತ್ತು ನಿಮಿಷ ಕಾಯಬೇಕು. ಹಸಿದ ಮಕ್ಕಳು ಜೊತೆಗಿದ್ದರೆ ಅದು ಬಹಳ ಉದ್ದ. ಗ್ಯಾಸ್ ಬೇಗ ಹೊತ್ತುತ್ತದೆ, ಕೈಯಳತೆಯಲ್ಲಿ ಇರುತ್ತದೆ, ತಿರುಗಿಸಿದರೆ ಆರುತ್ತದೆ. ಬೂದಿಯ ಗೋಜಿಲ್ಲ. ಒಣ ಬೇಸಿಗೆಯಲ್ಲಿ ಇದ್ದಿಲು, ಸೌದೆ ಎರಡನ್ನೂ ನಿಷೇಧಿಸುವ ಜಾಗಗಳಿವೆ, ಅಲ್ಲಿ ಕೆಲವು ಕಡೆ ಗ್ಯಾಸ್ ಮಾತ್ರ ಬಿಡುತ್ತಾರೆ. ನೀವು ಹೋಗುವ ಜಾಗದ ನಿಯಮ ಕೇಳಿಕೊಂಡೇ ಕೊಳ್ಳಿ. ವರ್ಷಕ್ಕೆ ಒಂದೆರಡು ಸಲ ಹೋಗುವವರಿಗೆ, ಪುಟ್ಟ ಮಕ್ಕಳಿರುವವರಿಗೆ ನನ್ನ ಆಯ್ಕೆ ಗ್ಯಾಸೇ. ಇದ್ದಿಲಿನ ಮೇಲೆ ನನಗೆ ಪ್ರೀತಿ ಜಾಸ್ತಿ, ಆದರೂ ಹಾಗೇ ಹೇಳುತ್ತೇನೆ.

ಗ್ಯಾಸ್ ಅಂದಾಗ ಯಾವ ಗ್ಯಾಸ್ ಅಂತಲೂ ನೋಡಬೇಕು. ಡಬ್ಬಿಯ ಮೇಲೆ ಬರೆದಿರುತ್ತದೆ, ಓದುವವರು ಕಡಿಮೆ. ಬ್ಯೂಟೇನ್ ಕುದಿದು ಅನಿಲವಾಗುವುದು ಸುಮಾರು ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ. ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲೂ ಅನಿಲವಾಗುತ್ತದೆ. ಇದರಿಂದ ಏನಾಗುತ್ತದೆ ಅಂದರೆ, ಚಳಿ ಬೆಳಿಗ್ಗೆ ಬರೀ ಬ್ಯೂಟೇನ್ ಡಬ್ಬಿಯ ಉರಿ ಸಣ್ಣಗಾಗಿ ಸತ್ತೇ ಹೋಗುತ್ತದೆ. ಹೊರಗೆ ಐದಾರು ಡಿಗ್ರಿ ಇದ್ದರೂ ಈ ತೊಂದರೆ ಬರಬಹುದು, ಯಾಕೆಂದರೆ ಗ್ಯಾಸ್ ಹೊರಬರುತ್ತಾ ಡಬ್ಬಿ ತಾನೇ ತಣ್ಣಗಾಗುತ್ತಾ ಹೋಗುತ್ತದೆ. ಡಬ್ಬಿಯಲ್ಲಿ ಗ್ಯಾಸ್ ಇದೆ, ಒಲೆ ಕೆಟ್ಟಿದೆ ಅಂತ ಅಂಗಡಿಗೆ ಒಯ್ದವರನ್ನು ನೋಡಿದ್ದೇನೆ. ಒಲೆ ಸರಿಯಾಗೇ ಇತ್ತು. ಬೆಟ್ಟಕ್ಕೆ, ಚಳಿಗೆ ಹೋಗುವವರು ಪ್ರೊಪೇನ್ ಅಥವಾ ಪ್ರೊಪೇನ್ ಬೆರೆತದ್ದು ನಡೆಯುವ ಗ್ರಿಲ್ ಆರಿಸಿ.

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬಿಟಿಯು ಅಂತ ಒಂದು ಸಂಖ್ಯೆ ಬರೆದಿರುತ್ತಾರೆ. ಅದು ಗಂಟೆಗೆ ಎಷ್ಟು ಶಾಖ ಅನ್ನುವ ಲೆಕ್ಕ, ಎಷ್ಟು ಗ್ಯಾಸ್ ತಿನ್ನುತ್ತದೆ ಅನ್ನುವುದೂ ಅದೇ. 10,000 ಬಿಟಿಯು ಗ್ರಿಲ್ ಪೂರ್ತಿ ಉರಿಯಲ್ಲಿ ಇದ್ದರೆ ಅರ್ಧ ಕಿಲೋಗೆ ಸ್ವಲ್ಪ ಕಮ್ಮಿ ಇರುವ ಪ್ರೊಪೇನ್ ಸಿಲಿಂಡರ್ ಸುಮಾರು ಎರಡು ಗಂಟೆ ಬರುತ್ತದೆ. ಸಂಖ್ಯೆ ದೊಡ್ಡದಿದ್ದ ಮಾತ್ರಕ್ಕೆ ಗ್ರಿಲ್ ಒಳ್ಳೆಯದಲ್ಲ. ಮುಚ್ಚಳ ಬಿಗಿಯಾಗಿದ್ದರೆ, ಬರ್ನರ್ ಉರಿ ಮೂಲೆಮೂಲೆಗೂ ತಲುಪುವಂತಿದ್ದರೆ ಚಿಕ್ಕ ಸಂಖ್ಯೆಯೇ ಸಾಕು.

ಇನ್ನೊಂದು ಎಚ್ಚರಿಕೆ, ಇದನ್ನು ಒತ್ತಿ ಹೇಳುತ್ತೇನೆ. ಪಕ್ಕದಲ್ಲೇ ಡಬ್ಬಿ ಕೂರಿಸುವ ಚಪ್ಪಟೆ ಗ್ಯಾಸ್ ಒಲೆಗಳಿವೆಯಲ್ಲ, ಅವುಗಳ ಮೇಲೆ ಅಗಲವಾದ ಗ್ರಿಲ್ ತಟ್ಟೆ ಇಡಬೇಡಿ. ತಟ್ಟೆ ಡಬ್ಬಿಯ ಮೇಲಕ್ಕೆ ಚಾಚಿದರೆ ಶಾಖ ಕೆಳಗೆ ಬಡಿದು ಡಬ್ಬಿ ಕಾಯುತ್ತದೆ, ಸಿಡಿಯಲೂಬಹುದು. ಗಾಳಿಗೆ ಅಡ್ಡ ಅಂತ ಸುತ್ತಲೂ ತಗಡು ನಿಲ್ಲಿಸಿದರೂ ಇದೇ ಕತೆ. ಒಲೆಯ ಜೊತೆಗೆ ಬಂದ ಅಳತೆಯ ತಟ್ಟೆಯನ್ನೇ ಬಳಸಿ. ಜೋಡಣೆಯ ಜಾಗಕ್ಕೆ ಸೋಪಿನ ನೀರು ಹಚ್ಚಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಗುಳ್ಳೆ ಬಂದರೆ ಸೋರುತ್ತಿದೆ ಅಂತ. ಬಿಸಿಲಲ್ಲಿ ನಿಂತ ಕಾರಿನೊಳಗೆ ಡಬ್ಬಿ ಬಿಟ್ಟು ಹೋಗಬೇಡಿ.

ಇದ್ದಿಲಾಗಲಿ ಗ್ಯಾಸ್ ಆಗಲಿ, ಮಳೆ ಬಂತು, ಚಳಿ ಆಯಿತು ಅಂತ ಗ್ರಿಲ್ ಟೆಂಟ್ ಒಳಗೆ ಬರಲೇಕೂಡದು. ಅರ್ಧ ಆರಿದ ಕೆಂಡವೂ ಬರಬಾರದು. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಹಾಗೇ ಏಳದೆ ಹೋಗಿರುವುದು ಎಷ್ಟೋ ಕಡೆ ನಡೆದಿದೆ. ಟೆಂಟಿನ ಬಾಗಿಲು ಸ್ವಲ್ಪ ತೆರೆದಿಟ್ಟರೆ ಆಯಿತು ಅನ್ನುವವರ ಮಾತು ಕೇಳಬೇಡಿ. ಬೆಚ್ಚಗಿರಲು ಇನ್ನೊಂದು ಹೊದಿಕೆ ಒಯ್ಯಿರಿ. ಟೆಂಟಿನಿಂದ ಕನಿಷ್ಠ ಮೂರು ಮೀಟರ್ ದೂರ, ಒಣ ಎಲೆ ಗುಡಿಸಿದ ಮಟ್ಟಸ ನೆಲ, ಪಕ್ಕದಲ್ಲಿ ಒಂದು ಬಕೆಟ್ ನೀರು. ಇಷ್ಟಾದ ಮೇಲೇ ಕಡ್ಡಿ ಗೀರಿ.

ಮಟ್ಟಸ ನೆಲ ಅಂದೆ, ಆದರೆ ಅದು ಸಿಗುವುದು ಅಪರೂಪ. ಅದಕ್ಕೇ ಕಾಲು ನೋಡಿ. ಮೂರು ಕಾಲಿನದು ಉಬ್ಬುತಗ್ಗಿನಲ್ಲೂ ಅಲ್ಲಾಡದೆ ನಿಲ್ಲುತ್ತದೆ. ಮಡಚುವ ಕಾಲಾದರೆ ಬಿಚ್ಚಿದಾಗ ಟಕ್ ಅಂತ ಬಿಗಿಯಬೇಕು. ಅಂಗಡಿಯಲ್ಲೇ ಮೇಲಿನಿಂದ ಒತ್ತಿ, ಪಕ್ಕಕ್ಕೆ ತಳ್ಳಿ ನೋಡಿ. ನಾಚಿಕೊಳ್ಳಬೇಡಿ. ಗಿಡ್ಡ ಕಾಲಿನದನ್ನು ಪ್ಲಾಸ್ಟಿಕ್ ಮೇಜಿನ ಮೇಲಿಟ್ಟರೆ ಮೇಜು ಕರಗುತ್ತದೆ, ಮೇಲಿದ್ದದ್ದೆಲ್ಲ ಜಾರುತ್ತದೆ.

ಜಾಲರಿಯ ವಿಷಯಕ್ಕೆ ಬರುತ್ತೇನೆ. ಎರಕದ ಕಬ್ಬಿಣ ಶಾಖ ಹಿಡಿದಿಟ್ಟುಕೊಳ್ಳುತ್ತದೆ, ಚೆನ್ನಾಗಿ ಕೆಂಪಗೆ ಸುಡುತ್ತದೆ. ಆದರೆ ಭಾರ, ಎಣ್ಣೆ ಸವರಿಡದಿದ್ದರೆ ತುಕ್ಕು. ಕಾರು ಟೆಂಟಿನ ಪಕ್ಕಕ್ಕೇ ಹೋಗುವುದಾದರೆ ಅದನ್ನು ಧೈರ್ಯವಾಗಿ ಕೊಳ್ಳಿ. ಬೆನ್ನ ಮೇಲೆ ಹೊತ್ತು ನಡೆಯುವವರಿಗೆ ತೆಳು ಸ್ಟೇನ್‌ಲೆಸ್ ಸ್ಟೀಲಿನ ಮಡಚುವ ಗ್ರಿಲ್ ಸಾಕು, ಒಂದು ಕಿಲೋ ಒಳಗೇ ಸಿಗುತ್ತವೆ. ಕಂಬಿಗಳ ನಡುವೆ ಕಿರುಬೆರಳು ತೂರುವಷ್ಟು ಜಾಗ ಇದ್ದರೆ ತರಕಾರಿ ತುಂಡು ಬೆಂಕಿಗೆ ಬೀಳುತ್ತದೆ. ಸತುವಿನ ಲೇಪ ಇರುವ ತಂತಿ ಜಾಲರಿ, ಹಳೆಯ ಫ್ರಿಜ್ಜಿನ ತಟ್ಟೆ ಇಂಥದ್ದನ್ನು ಉಪಯೋಗಕ್ಕೆ ಬರುತ್ತದೆ ಅಂತ ಕೆಂಡದ ಮೇಲೆ ಇಡಬೇಡಿ. ಸತು ಸುಮಾರು 420 ಡಿಗ್ರಿಗೆ ಕರಗುತ್ತದೆ, ಕೆಂಡ ಅದಕ್ಕಿಂತ ಬಹಳ ಬಿಸಿ. ಆ ಹೊಗೆ ಕುಡಿದರೆ ಮೈ ಕೈ ನೋವು, ಚಳಿ ಜ್ವರ ಬರುತ್ತದೆ.

ಅಳತೆಗೆ ನನ್ನ ಲೆಕ್ಕ ಸರಳ. ನಾಲ್ಕು ಜನಕ್ಕೆ 30 ಸೆಂಟಿಮೀಟರ್‌ಗೆ 45 ಸೆಂಟಿಮೀಟರ್ ಜಾಲರಿ. ಅದಕ್ಕಿಂತ ಚಿಕ್ಕದಾದರೆ ಕೆಂಡವನ್ನು ಒಂದು ಬದಿಗೆ ಸರಿಸಿ ಇನ್ನೊಂದು ಬದಿ ಖಾಲಿ ಬಿಡಲು ಆಗುವುದಿಲ್ಲ. ಆ ಖಾಲಿ ಬದಿ ತುಂಬಾ ಮುಖ್ಯ. ಹೊರಗೆ ಕರಕಲಾಗಿ ಒಳಗೆ ಹಸಿ ಉಳಿದ ತುಂಡನ್ನು ಅಲ್ಲಿಗೆ ಸರಿಸಿ ಮುಚ್ಚಳ ಹಾಕಿದರೆ ನಿಧಾನಕ್ಕೆ ಬೇಯುತ್ತದೆ. ಕೋಳಿಯ ಒಳಭಾಗ 74 ಡಿಗ್ರಿ ಮುಟ್ಟಬೇಕು. ಕತ್ತಲಲ್ಲಿ ಬಣ್ಣ ನೋಡಿ ಹೇಳಲಾಗುವುದಿಲ್ಲ, ಚುಚ್ಚಿ ನೋಡುವ ಪುಟ್ಟ ಥರ್ಮಾಮೀಟರ್ ಒಂದು ಜೊತೆಗಿರಲಿ.

ಸೌದೆ ಹಾಕುವ ಮಡಚುವ ಒಲೆ ಚೆಂದ, ಆದರೆ ಒಣ ಸೌದೆ ಸಿಗದ ದಿನ ಹೊಗೆಯೇ ಊಟ. ಕರೆಂಟಿನ ಗ್ರಿಲ್‌ಗೆ ಕರೆಂಟ್ ಇರುವ ಜಾಗವೇ ಬೇಕು, ಅಷ್ಟು ಹೇಳಿದರೆ ಸಾಕು.

ತೊಳೆಯುವುದನ್ನು ಮರೆಯಬೇಡಿ. ಜಿಡ್ಡು ತಟ್ಟೆ ಹೊರಗೆ ಬರದಿದ್ದರೆ ಜಿಡ್ಡು ಅಡಿಯಲ್ಲೇ ಕೂತು ಮುಂದಿನ ಸಲ ಭಗ್ಗನೆ ಹೊತ್ತಿಕೊಳ್ಳುತ್ತದೆ. ರಾತ್ರಿ ಆ ವಾಸನೆಗೆ ಕಾಡುಪ್ರಾಣಿಗಳೂ ಬರುತ್ತವೆ. ತಂತಿ ಬ್ರಷ್ಷಿನಿಂದ ಉಜ್ಜಬೇಡಿ, ಕೂದಲೆಳೆಯಂಥ ತಂತಿ ಮುರಿದು ಜಾಲರಿಗೆ ಅಂಟಿಕೊಂಡು, ಊಟದ ಜೊತೆ ಗಂಟಲಿಗೆ ಹೋಗಿ ಚುಚ್ಚಿಕೊಳ್ಳುತ್ತದೆ. ಜಾಲರಿ ಬಿಸಿ ಇರುವಾಗಲೇ ಅರ್ಧ ಈರುಳ್ಳಿಯನ್ನು ಇಕ್ಕಳದಲ್ಲಿ ಹಿಡಿದು ಉಜ್ಜಿ. ಉಂಡೆ ಮಾಡಿದ ಅಲ್ಯೂಮಿನಿಯಂ ಹಾಳೆಯೂ ಆಗುತ್ತದೆ.

ಹೊಸ ಗ್ರಿಲ್ ತಂದವರು ಅದನ್ನು ಮೊದಲ ಸಲ ಕಾಡಿನಲ್ಲಿ ಬಿಚ್ಚಬೇಡಿ. ಮನೆಯ ಹೊರಗೆ, ಬಯಲಲ್ಲಿ ಇಟ್ಟು ಏನೂ ಬೇಯಿಸದೆ ಅರ್ಧ ಗಂಟೆ ಉರಿಸಿ, ಕಾರ್ಖಾನೆಯ ಎಣ್ಣೆ ಸುಟ್ಟು ಹೋಗಲಿ. ಆಮೇಲೆ ಆರಿಸಿ, ತಣ್ಣಗಾದ ಮೇಲೆ ಬೂದಿ ತೆಗೆದು, ಒರೆಸಿ, ಮಡಚಿ, ಚೀಲಕ್ಕೆ ಹಾಕಿ, ಕೈಯಲ್ಲಿ ಹಿಡಿದು ನೂರು ಹೆಜ್ಜೆ ನಡೆದು ನೋಡಿ. ಭುಜ ಎಳೆದರೆ, ಮುಚ್ಚಳ ಕಳಚಿದರೆ, ಬೂದಿ ಸೋರಿದರೆ ಮಾರನೆಯ ದಿನವೇ ಅಂಗಡಿಗೆ ಹೋಗಿ ಬದಲಿಸಿಕೊಡುತ್ತಾರಾ ಕೇಳಿ. ಇದನ್ನು ಕೊಳ್ಳುವಾಗಲೇ ಮಾತಾಡಿಕೊಂಡಿರಿ, ರಸೀದಿಯನ್ನು ಗ್ರಿಲ್ ಚೀಲದ ಜೇಬಿನಲ್ಲೇ ಇಟ್ಟಿರಿ.