ಹದಿನೈದು ಉಂಡೆ, ಹುಲ್ಲಿನ ತೆನೆ: ಜಪಾನಿನ ‘ತ್ಸುಕಿಮಿ’ ಆಚರಿಸುವ ಬಗೆ

ಶರದೃತುವಿನ ಚಂದ್ರನನ್ನು ಕಂಡು ನೈವೇದ್ಯ ಇಡುವ ಹಬ್ಬಕ್ಕೆ ಜಪಾನೀಯರು ‘ತ್ಸುಕಿಮಿ’ ಎನ್ನುತ್ತಾರೆ. ಹೇಆನ್ ಕಾಲದಲ್ಲಿ (ಕ್ರಿ.ಶ. 794–1185) ಚೀನಾದಿಂದ ಬಂದ ಈ ಪದ್ಧತಿ ಮೊದಲಿಗೆ ಆಸ್ಥಾನಿಕರದಾಗಿತ್ತು; ಅವರು ದೋಣಿಯಲ್ಲಿ ಕುಳಿತು, ಕೊಳದಲ್ಲಿ ಮೂಡಿದ ಚಂದ್ರಬಿಂಬವನ್ನು ನೋಡುತ್ತ ಕವಿತೆ ಕಟ್ಟುತ್ತಿದ್ದರು. ಕ್ಯೋಟೋದ ದೈಕಾಕು-ಜಿ ದೇವಾಲಯದ ಓಸಾವಾ ಕೊಳದಲ್ಲಿ ಇಂದಿಗೂ ಆ ರಾತ್ರಿ ದೋಣಿಗಳು ತೇಲುತ್ತವೆ. ರೈತರ ಮನೆಗಳಿಗೆ ಬಂದ ಮೇಲೆ ಇದು ಬೆಳೆಗೆ ಕೃತಜ್ಞತೆ ಸಲ್ಲಿಸುವ ಹಬ್ಬವಾಯಿತು. ನೈವೇದ್ಯದ ಒಂದೊಂದು ವಸ್ತುವಿನ ಅರ್ಥವೂ ಅಲ್ಲಿಯೇ ಇದೆ.

ಮೊದಲು ದಿನವನ್ನು ಗೊತ್ತುಮಾಡಿಕೊಳ್ಳಬೇಕು. 1873ರಲ್ಲಿ ಜಪಾನ್ ಗ್ರೆಗೋರಿಯನ್ ಕ್ಯಾಲೆಂಡರಿಗೆ ಬದಲಾಯಿತಾದರೂ ತ್ಸುಕಿಮಿ ಮಾತ್ರ ಹಳೆಯ ಚಾಂದ್ರಮಾನದ ಎಂಟನೇ ತಿಂಗಳ ಹದಿನೈದನೇ ರಾತ್ರಿಗೇ, ಅಂದರೆ ‘ಜೂಗೋಯಾ’ಕ್ಕೇ ಉಳಿದುಕೊಂಡಿತು. 2026ರಲ್ಲಿ ಅದು ಸೆಪ್ಟೆಂಬರ್ 25ರಂದು ಬರುತ್ತದೆ. ನಮ್ಮ ಪಂಚಾಂಗದ ಭಾದ್ರಪದ ಅಥವಾ ಆಶ್ವಯುಜ ಹುಣ್ಣಿಮೆಯ ಆಸುಪಾಸಿನ ದಿನವಿದು.

ನಂತರ ‘ಸುಸುಕಿ’ ಎಂಬ ಬೆಳ್ಳಿಬಣ್ಣದ ತೆನೆಯ ಹುಲ್ಲನ್ನು ತಂದು ಹೂದಾನಿಯಲ್ಲಿ ನಿಲ್ಲಿಸಬೇಕು. ಭತ್ತದ ಕೊಯ್ಲು ಇನ್ನೂ ಆಗಿರದ ಸಮಯವಾದ್ದರಿಂದ ಇದು ಭತ್ತದ ತೆನೆಗೆ ಬದಲಿಯಾಗಿ ನಿಲ್ಲುತ್ತದೆ. ಆಗಷ್ಟೇ ಅಗೆದ ಕೆಸುವಿನ ಗಡ್ಡೆಗಳನ್ನು ಸಿಪ್ಪೆಸಮೇತ ಹಬೆಯಲ್ಲಿ ಬೇಯಿಸಿ ಪಕ್ಕದಲ್ಲಿಡುತ್ತಾರೆ. ಈ ರಾತ್ರಿಗೆ ‘ಗಡ್ಡೆಯ ಹುಣ್ಣಿಮೆ’ ಎಂಬ ಹೆಸರು ಬಂದದ್ದು ಇದರಿಂದಲೇ.

ಹೆಚ್ಚು ತಾಳ್ಮೆ ಬೇಡುವ ಕೆಲಸ ‘ದಾಂಗೋ’ ಎಂಬ ಅಕ್ಕಿ ಉಂಡೆಯದು. ಸುಮಾರು 200 ಗ್ರಾಂ ನುಣುಪಾದ ಅಕ್ಕಿ ಹಿಟ್ಟಿಗೆ ಬಿಸಿನೀರನ್ನು ಸ್ವಲ್ಪಸ್ವಲ್ಪವೇ ಸೇರಿಸುತ್ತ ನಾದಬೇಕು. ಎಷ್ಟು ಹದಕ್ಕೆ ಎಂದರೆ, ಕಿವಿಯ ಹಾಲೆಯನ್ನು ಬೆರಳಲ್ಲಿ ಒತ್ತಿದಾಗ ಸಿಗುವ ಮೃದುತ್ವಕ್ಕೆ ಎಂದು ಜಪಾನಿನ ಅಡುಗೆಮನೆಗಳಲ್ಲಿ ಹೇಳುತ್ತಾರೆ, ಮತ್ತು ಯಾವ ಅಳತೆಗಿಂತಲೂ ಇದು ನಂಬಿಕೆಗೆ ಅರ್ಹವಾದ ಗುರುತು. ಹಿಟ್ಟನ್ನು ಹದಿನೈದು ಪಾಲು ಮಾಡಿ ಉಂಡೆ ಕಟ್ಟಿ, ಪ್ರತಿಯೊಂದನ್ನೂ ತುಸುವೇ ಅದುಮಬೇಕು, ಏಕೆಂದರೆ ಪೂರ್ಣ ಗುಂಡಗಿನ ಉಂಡೆ ಸತ್ತವರ ತಲೆದೆಸೆಯಲ್ಲಿ ಇಡುವ ಪಿಂಡವನ್ನು ನೆನಪಿಸುತ್ತದೆ. ಕುದಿಯುವ ನೀರಿಗೆ ಬಿಟ್ಟ ಉಂಡೆಗಳು ಮೇಲೆ ತೇಲಿದ ಮೇಲೂ ಎರಡು ಮೂರು ನಿಮಿಷ ಬೇಯಿಸಿ, ತಣ್ಣೀರಿಗೆ ಹಾಕಿ ತೆಗೆದು, ನೀರು ಆರಲು ಬಿಡಬೇಕು.

ಇನ್ನು ಜೋಡಣೆ: ಕೆಳಗೆ ಒಂಬತ್ತು, ಅದರ ಮೇಲೆ ನಾಲ್ಕು, ತುದಿಯಲ್ಲಿ ಎರಡು. ಚಂದ್ರ ಕಾಣುವ ಜಗಲಿಯಲ್ಲಿ ಅಥವಾ ಕಿಟಕಿಯ ಬಳಿ ಇವೆಲ್ಲವನ್ನೂ ಇಟ್ಟು, ಮನೆಯವರು ಕೂಡಿ ನೋಡುತ್ತಾರೆ. ಚಂದ್ರನಲ್ಲಿ ಮೊಲವೊಂದು ಒನಕೆ ಹಿಡಿದು ಅಕ್ಕಿ ಕುಟ್ಟುತ್ತಿದೆ ಎಂದು ಮಕ್ಕಳಿಗೆ ತೋರಿಸುವುದೂ ಆಗಲೇ. ತನ್ನ ದೇಹವನ್ನೇ ದಾನವಿತ್ತ ಮೊಲದ ಜಾತಕ ಕಥೆ ಬೌದ್ಧಧರ್ಮದೊಂದಿಗೆ ಭಾರತದಿಂದ ಅಲ್ಲಿಗೆ ತಲುಪಿತ್ತು, ನಾವು ಚಂದ್ರನನ್ನು ‘ಶಶಾಂಕ’ ಎನ್ನುವುದೂ ಅದೇ ಮೊಲದ ಗುರುತಿನಿಂದ. ನೈವೇದ್ಯವಾದ ಬಳಿಕ ದಾಂಗೋವನ್ನು ಹಂಚಿ ತಿನ್ನಬೇಕು. ಸುಸುಕಿಯನ್ನು ಎಸೆಯದೆ ಸೂರಿಗೆ ಸಿಕ್ಕಿಸಿದರೆ ವರ್ಷವಿಡೀ ರೋಗರುಜಿನ ಬಾರದು ಎಂಬ ನಂಬಿಕೆಯಿದೆ.

ಅನೇಕರು ಇಲ್ಲಿಗೆ ಹಬ್ಬ ಮುಗಿಯಿತೆಂದುಕೊಳ್ಳುತ್ತಾರೆ, ಅದು ಸರಿಯಲ್ಲ. ಅದೇ ಚಾಂದ್ರಮಾನದ ಒಂಬತ್ತನೇ ತಿಂಗಳ ಹದಿಮೂರನೇ ರಾತ್ರಿ ‘ಜೂಸಾನ್ಯಾ’ ಬರುತ್ತದೆ. ಇದು ಜಪಾನಿನಲ್ಲಿಯೇ ಹುಟ್ಟಿದ ಆಚರಣೆ. ಒಂದೇ ಚಂದ್ರನನ್ನು ನೋಡಿ ಇನ್ನೊಂದನ್ನು ಬಿಡುವುದು ಅಶುಭವೆಂದು ಹಿಂದಿನವರು ಎಣಿಸುತ್ತಿದ್ದರು. ಆದ್ದರಿಂದ 2026ರ ಅಕ್ಟೋಬರ್ 23ರಂದು ಅದೇ ಜಾಗದಲ್ಲಿ ಕುಳಿತು, ಈ ಸಲ ಹದಿಮೂರು ಉಂಡೆಗಳನ್ನು ಜೋಡಿಸಿ, ಗಡ್ಡೆಯ ಬದಲು ಚೆಸ್ಟ್‌ನಟ್ ಮತ್ತು ಬೇಯಿಸಿದ ಸೋಯಾ ಅವರೆಯನ್ನು ಇಡಬೇಕು.