ಮಂಟಪದಲ್ಲಿ ಕಾಲುಂಗುರ ಗಿಣ್ಣಿಗೆ ಸಿಕ್ಕಿಕೊಳ್ಳದಿರಲು
ಮದುಮಗಳ ಕಾಲುಂಗುರದ ಅಳತೆಯನ್ನು ಸಂಜೆ ಹೊತ್ತಿನಲ್ಲೇ ತೆಗೆಯಿರಿ. ಎರಡೂ ಕಾಲಿನ ಎರಡನೇ ಬೆರಳಿಗೆ ದಾರ ಸುತ್ತಿ, ಬುಡಕ್ಕೊಂದು, ಗಿಣ್ಣಿಗೊಂದು ಅಳತೆ ಬೇಕು. ದಿನವಿಡೀ ನಿಂತ ಕಾಲು ಸಂಜೆಗೆ ತುಸು ಊದಿರುತ್ತದೆ, ಮದುವೆ ದಿನವೂ ಅಷ್ಟೇ. ಬೆಳಗಿನ ಅಳತೆಗೆ ಕೊಂಡದ್ದು ವರ ತೊಡಿಸುವಾಗ ಗಿಣ್ಣು ದಾಟುವುದಿಲ್ಲ. ಬಾಯಿ ಬಿಟ್ಟ ಉಂಗುರವಾದರೆ ಗಿಣ್ಣಿನ ಅಳತೆಗೆ ಅಗಲಿಸಿಟ್ಟು, ಬುಡಕ್ಕೆ ಕೂತ ಮೇಲೆ ಮೆಲ್ಲಗೆ ಒಮ್ಮೆ ಅದುಮಿ. ಪದೇ ಪದೇ ಹಿಗ್ಗಿಸಿ ಮುಚ್ಚಬೇಡಿ, ಬಾಗಿಸಿದಷ್ಟೂ ಬೆಳ್ಳಿ ಗಡುಸಾಗಿ ಕೊನೆಗೆ ಬಿರುಕು ಬಿಡುತ್ತದೆ. ತುದಿ ಚೂಪಾಗಿದ್ದರೆ ಧಾರೆ ಸೀರೆಯ ಜರಿ ಎಳೆ ಕಿತ್ತು ಬರುತ್ತದೆ, ಅಕ್ಕಸಾಲಿಗರಲ್ಲಿ ಮೊದಲೇ ಅರ ಹಾಕಿಸಿ. ಬಾಯಿಲ್ಲದ ಇಡೀ ಸುತ್ತಿನ ಉಂಗುರಕ್ಕೆ ಈ ಅಗಲಿಸುವ ಉಪಾಯ ನಡೆಯದು. ಅದನ್ನು ಗಿಣ್ಣಿನ ಅಳತೆಗೇ ಮಾಡಿಸಬೇಕು, ಬುಡದಲ್ಲಿ ಸ್ವಲ್ಪ ಸಡಿಲವಾದರೂ ಸರಿ.